ಜೇಡ ಕಟ್ಟಿದ ಮಂಜು

ಕೈ ಉಳಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಕೆಲವರ ಮಾತು ಕೇಳಿದರೆ ಅದು ಉಳಿದೀತು ಎಂದು ಯಾರಿಗೂ ಅನ್ನಿಸುವುದಿಲ್ಲ. ಓದುವವರು ಕೊನೆಯವರೆಗೂ ಉಸಿರು ಬಿಗಿಹಿಡಿದು ಕೂರುವುದು ಬೇಡ. ಅದೊಬ್ಬ ಬಡಗಿಯ ಬಲಗೈ. ಒಂದು ಬೆಳಗ್ಗೆ ಮರ ಕೊಯ್ಯುವ ಯಂತ್ರಕ್ಕೆ ಸಿಕ್ಕಿ ಮಣಿಕಟ್ಟಿನ ಹತ್ತಿರ ತುಂಡಾಗಿ, ಐಸ್ ತುಂಬಿದ ಡಬ್ಬಿಯೊಳಗೆ ಕೂತು, ವಿಮಾನ ನಿಲ್ದಾಣದಲ್ಲಿ ಅಪ್ಪಣೆಗಾಗಿ ಕಾದಿತ್ತು. ಅದು ಮತ್ತೆ ಮೈಗೆ ಸೇರಿದ್ದು ದೊಡ್ಡ ಊರಿನ ವೈದ್ಯರ ಜಾಣ್ಮೆಯಿಂದ, ನಿಜ. ಆದರೆ ಆ ವೈದ್ಯರ ಮೇಜಿನವರೆಗೆ ಅದು ತಲುಪಿದ್ದು, ಒಬ್ಬ ಹೆಂಗಸು ತನ್ನ ಕಣ್ಣನ್ನೇ ಪೂರ್ತಿ ನಂಬದೆ ವರ್ಷಗಟ್ಟಲೆ ಕೆಲಸ ಮಾಡಿದ್ದರಿಂದ.

ಆಕೆಯನ್ನು ನಿಲ್ದಾಣದಲ್ಲಿ ಎಲ್ಲರೂ ಮೋಡದಕ್ಕ ಎನ್ನುತ್ತಾರೆ. ಆಕೆಗಿಂತ ಹನ್ನೆರಡು ವರ್ಷ ಚಿಕ್ಕವರಾದ ನಿಲ್ದಾಣದ ಸಾಹೇಬರೂ ಹಾಗೇ ಕರೆಯುತ್ತಾರೆ. ಸಿಟ್ಟು ಬಂದ ದಿನ ಮಾತ್ರ ‘ರೀ ಮೇಡಂ’. ಊರ ಹೊರಗಿನ ಸಣ್ಣ ವಿಮಾನ ನಿಲ್ದಾಣ ಅದು. ಎತ್ತರದ ಟವರ್ ಇಲ್ಲ, ರೇಡಿಯೊ ಕೋಣೆಯೂ ನೆಲಮಹಡಿಯಲ್ಲೇ. ದಿನಕ್ಕೆ ನಾಲ್ಕು ವಿಮಾನ ಬಂದರೆ ಹೆಚ್ಚು. ಅಲ್ಲಿ ಮೂವತ್ತೊಂದು ವರ್ಷದಿಂದ ಆಕೆಯ ಕೆಲಸ ಆಕಾಶ ನೋಡುವುದು, ನೋಡಿದ್ದನ್ನು ಬರೆಯುವುದು.

ಕೇಳಲು ಸುಲಭ. ‘ಸಂಬಳ ತಗೊಂಡು ಮೇಲೆ ನೋಡ್ತಾ ಕೂರೋ ಕೆಲಸ ನಮಗೂ ಕೊಡಿಸಿ’ ಎಂದು ಎಷ್ಟು ಜನ ಹಲ್ಲು ಬಿಟ್ಟಿದ್ದಾರೋ. ಅರ್ಧ ಗಂಟೆಗೊಮ್ಮೆ ಆಕೆ ಮಹಡಿ ಹತ್ತಬೇಕು. ಗಾಳಿ ಯಾವ ಕಡೆಯದು, ಎಷ್ಟು ಜೋರು, ಆಕಾಶವನ್ನು ಎಂಟು ಪಾಲು ಮಾಡಿದರೆ ಅದರಲ್ಲಿ ಎಷ್ಟು ಪಾಲು ಮೋಡ, ಕಣ್ಣಿಗೆ ಎಷ್ಟು ದೂರ ಕಾಣುತ್ತಿದೆ, ಎಲ್ಲ ಬರೆಯಬೇಕು. ದೂರ ಅಳೆಯಲು, ಆಕೆ ಕೆಲಸಕ್ಕೆ ಸೇರಿದಾಗಲೇ ಗೋಡೆಗೆ ಅಂಟಿಸಿದ್ದ ಒಂದು ಪಟ್ಟಿ: ಗಾಳಿಯ ದಿಕ್ಕು ತೋರುವ ಗಾಳಿಚೀಲ ಮುನ್ನೂರು ಮೀಟರ್, ಅಗ್ನಿಶಾಮಕ ಶೆಡ್ಡಿನ ಕೆಂಪು ಬಾಗಿಲು ಎಂಟುನೂರು, ನೀರಿನ ಟ್ಯಾಂಕ್ ಒಂದೂವರೆ ಕಿಲೋಮೀಟರ್, ಇಟ್ಟಿಗೆ ಭಟ್ಟಿಯ ಚಿಮಣಿ ಮೂರು, ಬೋಳುಗುಡ್ಡ ಹತ್ತು. ಗುಡ್ಡ ಕಂಡರೆ ಹತ್ತು ಕಿಲೋಮೀಟರ್. ಗುಡ್ಡ ಮಾಯವಾಗಿ ಚಿಮಣಿ ಕಂಡರೆ ಮೂರು. ಬಾಗಿಲೂ ಕಾಣದಿದ್ದರೆ ವಿಮಾನ ಏಳುವಂತಿಲ್ಲ. ಅಷ್ಟೇ ಲೆಕ್ಕ. ಆ ಲೆಕ್ಕದ ಮೇಲೆ ಪೈಲಟ್ ತನ್ನ ಹಿಂದೆ ಕೂತವರ ಜೀವ ಇಟ್ಟು ಗಾಡಿ ಎಬ್ಬಿಸುತ್ತಾನೆ.

ಮನೆಯಲ್ಲೂ ಈ ಕಾಯಿಲೆ ಬಿಟ್ಟಿಲ್ಲ. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಪಕ್ಕದ ಮನೆಯವರು ಬಟ್ಟೆ ಒಣಗಿಸುವ ಮುಂಚೆ ಬಂದು ಕೇಳಿದರೆ ಆಕೆ ‘ಎಂಟರಲ್ಲಿ ಐದು’ ಎಂದು ಒಳಗೆ ಹೋಗುತ್ತಾಳೆ. ಗಂಡ ಸೂಜಿಗೆ ದಾರ ಪೋಣಿಸುತ್ತಲೇ ಅನುವಾದ ಮಾಡುತ್ತಾನೆ: ‘ಅಂದ್ರೆ ಹಾಕಿ, ಆದ್ರೆ ಮಧ್ಯಾಹ್ನ ನಿದ್ದೆ ಮಾಡ್ಬೇಡಿ.’

ಇಂಥ ಕಣ್ಣು ಒಮ್ಮೆ ಮೋಸ ಮಾಡಿತು. ಹದಿನೆಂಟು ವರ್ಷದ ಹಿಂದಿನ ಮಾತು. ಒಂದು ಮಬ್ಬು ಬೆಳಗ್ಗೆ ಆಕೆ ಮಹಡಿ ಹತ್ತಿ ನೋಡಿ, ‘ಟ್ಯಾಂಕ್ ಕಾಣುತ್ತಿದೆ, ಒಂದೂವರೆ ಕಿಲೋಮೀಟರ್’ ಎಂದು ಬರೆದಳು. ಅರ್ಧ ಗಂಟೆ ಬಿಟ್ಟು ಮತ್ತೆ ಅದೇ. ಮೂರನೆಯ ಸಲವೂ ಅದೇ. ಕೆಳಗಿಳಿದಾಗ ಫೈರ್ ಇಂಜಿನ್ ಓಡಿಸುವ ಡ್ರೈವರಣ್ಣ ಜೀಪು ಒರೆಸುತ್ತಿದ್ದ.

‘ಏನಕ್ಕಾ, ಎಷ್ಟು ದೂರ ಕಾಣ್ತು ಇವತ್ತು?’

‘ಟ್ಯಾಂಕ್‌ವರೆಗೆ.’

‘ಯಾವ ಟ್ಯಾಂಕು?’

‘ಯಾವ ಟ್ಯಾಂಕು ಅಂದ್ರೆ? ನೀರಿನ ಟ್ಯಾಂಕು.’

‘ಅದನ್ನ ಒಡೆದು ಹಾಕಿ ಎರಡು ದಿನ ಆಯ್ತಲ್ಲಕ್ಕಾ!’

ಆಕೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸುಳ್ಳು ಬರೆದಿರಲಿಲ್ಲ. ನಿಜವಾಗಿಯೂ ಕಂಡಿತ್ತು. ಹದಿಮೂರು ವರ್ಷ ದಿನಕ್ಕೆ ಹತ್ತಾರು ಸಲ ನೋಡಿದ ಟ್ಯಾಂಕನ್ನು ಕಣ್ಣು ತಾನಾಗಿಯೇ ಮಬ್ಬಿನಲ್ಲಿ ಕಟ್ಟಿ ನಿಲ್ಲಿಸಿತ್ತು. ಇದು ಕಳ್ಳನ ತಪ್ಪಲ್ಲ, ಸೋಮಾರಿಯ ತಪ್ಪೂ ಅಲ್ಲ. ಶ್ರದ್ಧೆಯಿಂದ ಅದೇ ಕೆಲಸ ಮಾಡಿದವರಿಗೆ ಮಾತ್ರ ಬರುವ ತಪ್ಪು. ಆ ಮೂರು ವರದಿ ನಂಬಿ ಯಾವ ವಿಮಾನವೂ ಬಂದಿರಲಿಲ್ಲ, ಅದೊಂದು ಪುಣ್ಯ. ಯಾರೂ ಕೇಳದಿದ್ದರೂ ಆಕೆಯೇ ಮೇಲಿನವರಿಗೆ ಬರೆದುಕೊಟ್ಟಳು. ಒಂದು ಛೀಮಾರಿ ಪತ್ರ ಬಂತು. ಅದನ್ನು ಮುಚ್ಚಿಡಲಿಲ್ಲ; ಮೇಜಿನ ಗಾಜಿನ ಕೆಳಗೆ, ದಿನವೂ ಕಣ್ಣಿಗೆ ಬೀಳುವಂತೆ ಇಟ್ಟಳು. ಈಗಲೂ ಇದೆ.

ಅವತ್ತಿನಿಂದ ಆಕೆ ಒಂದು ಪದ್ಧತಿ ಹಿಡಿದಳು. ಅನುಮಾನದ ದಿನ ಪಕ್ಕದಲ್ಲಿ ಯಾರಿದ್ದರೂ ಸರಿ, ಅವರನ್ನು ಮಹಡಿಗೆ ಕರೆದು ‘ನೀವು ಮೊದಲು ಹೇಳಿ, ಏನೇನು ಕಾಣ್ತಿದೆ?’ ಎನ್ನುವುದು. ತಾನು ಕಂಡದ್ದನ್ನು ಮೊದಲು ಬಾಯಿಬಿಡುವುದಿಲ್ಲ. ಹೇಳಿಬಿಟ್ಟರೆ ಅವರಿಗೂ ಅದೇ ಕಾಣಲು ಶುರುವಾಗುತ್ತದೆ ಎನ್ನುವುದು ಆಕೆಯ ಅನುಭವ. ಹೆಚ್ಚಾಗಿ ಸಿಗುತ್ತಿದ್ದವನು ಡ್ರೈವರಣ್ಣನೇ. ಮನೆಯಲ್ಲಿ ಗಂಡ ಇದನ್ನೇ ಹಿಡಿದು ಆಡಿಕೊಳ್ಳುತ್ತಾನೆ. ‘ಸಾರಿಗೆ ಉಪ್ಪು ಸರಿ ಇದೆಯೇನೇ?’ ಎಂದು ಆಕೆಯನ್ನು ಕೇಳಿ, ತಾನೇ ದನಿ ಬದಲಿಸಿ ‘ನೀವು ಮೊದಲು ಹೇಳಿ’ ಎನ್ನುತ್ತಾನೆ.

ಹೀಗಿರುವಾಗ, ಹವಾಮಾನವನ್ನು ತಾನೇ ಅಳೆದು ಬರೆಯುವ ಯಂತ್ರ ಬಂತು.

ಈ ಅಂಕಣದಲ್ಲಿ ಯಂತ್ರವನ್ನು ಬೈಯಲು ನಾನು ಕೂತಿಲ್ಲ. ಅದು ನಿದ್ದೆ ಮಾಡುವುದಿಲ್ಲ, ರಜೆ ಕೇಳುವುದಿಲ್ಲ, ಒಡೆದ ಟ್ಯಾಂಕನ್ನು ನೆನಪಿನಿಂದ ನೋಡುವುದಿಲ್ಲ. ಗಾಳಿಯ ವೇಗ ಹೇಳುವುದರಲ್ಲಿ ತನಗಿಂತ ಅದೇ ವಾಸಿ ಎಂದು ಮೋಡದಕ್ಕನೇ ಒಪ್ಪುತ್ತಾಳೆ. ಮಂಜು ಅಳೆಯಲು ಅದಕ್ಕೆ ರನ್‌ವೇ ಆಚೆ ತುದಿಯಲ್ಲಿ ಒಂದು ಕಂಬ ನೆಟ್ಟರು. ಕಂಬದ ಮೇಲೆ ಎರಡು ಗಾಜಿನ ಕಣ್ಣು, ನಡುವೆ ಮೊಳದಷ್ಟು ಗಾಳಿ. ಒಂದು ಕಣ್ಣು ಬೆಳಕು ಬಿಡುತ್ತದೆ, ನಡುವಿನ ಗಾಳಿಯಲ್ಲಿ ತೇವ, ಧೂಳು ಇದ್ದರೆ ಬೆಳಕು ಚದುರುತ್ತದೆ, ಇನ್ನೊಂದು ಕಣ್ಣು ಅದನ್ನು ಹಿಡಿಯುತ್ತದೆ. ಆ ಮೊಳ ಗಾಳಿ ನೋಡಿ ಅದು ಇಡೀ ಮೈದಾನದ ಜಾತಕ ಹೇಳುತ್ತದೆ. ಹೇಳಲಿ. ಹತ್ತಕ್ಕೆ ಒಂಬತ್ತು ಸಲ ಸರಿಯಾಗಿಯೇ ಹೇಳುತ್ತದೆ.

ನನ್ನ ಹೊಟ್ಟೆ ಉರಿಯುವುದು ಅದರ ಜೊತೆಗೆ ಬಂದ ಸುತ್ತೋಲೆಗೆ. ‘ಸ್ವಯಂಚಾಲಿತ ಅಂಕಿಗಳನ್ನು ಸಿಬ್ಬಂದಿ ತಿದ್ದತಕ್ಕದ್ದಲ್ಲ. ಘಟಕ ಕೆಟ್ಟಿದೆಯೆಂದು ನಿಲ್ದಾಣದ ಅಧಿಕಾರಿ ಲಿಖಿತವಾಗಿ ಘೋಷಿಸಿದಲ್ಲಿ ಮಾತ್ರ ಕಣ್ಣಿನ ವರದಿ ಸ್ವೀಕಾರಾರ್ಹ.’ ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ಕೋಣೆಯಲ್ಲಿರುವ ಅದರ ಪೆಟ್ಟಿಗೆಯ ಮೇಲಿನ ಹಸಿರು ದೀಪ ಕೆಂಪಾದರೆ. ಅಂದರೆ, ‘ನನಗೆ ಹುಷಾರಿಲ್ಲ’ ಎಂದು ಯಂತ್ರವೇ ಹೇಳಬೇಕು. ಮೋಡದಕ್ಕನ ಕೆಲಸ ಇನ್ನು ಕುರ್ಚಿಯಲ್ಲಿ ಕೂತು ದೀಪದ ಬಣ್ಣ ನೋಡುವುದು. ಎರಡು ತಿಂಗಳ ನಂತರ ಹಳೆಯ ಕಡತಗಳ ಕೋಣೆಗೆ ವರ್ಗ. ಮೂವತ್ತೊಂದು ವರ್ಷ ಆಕಾಶ ನೋಡಿದವಳನ್ನು ಕಿಟಕಿಯಿಲ್ಲದ ಕೋಣೆಗೆ ಹಾಕುವ ಯೋಚನೆ ಯಾವ ಮಹಾನುಭಾವನಿಗೆ ಹೊಳೆಯಿತೋ, ಅವನ ಮುಖ ನೋಡಬೇಕು ಎಂದು ನನಗೆ ಬಹಳ ಆಸೆ.

ಬಡಗಿಯ ಕೈ ತುಂಡಾದ ಆ ಬೆಳಗ್ಗೆ ಏಳೂ ಇಪ್ಪತ್ತಕ್ಕೆ ಆಂಬ್ಯುಲೆನ್ಸ್ ಬಂತು. ಬಡಗಿ ಸ್ಟ್ರೆಚರ್ ಮೇಲೆ, ಮುಖ ಸುಣ್ಣ. ಪಕ್ಕದಲ್ಲಿ ಹೆಂಡತಿ, ಎದೆಗವಚಿದ ಡಬ್ಬಿ. ಅಪಘಾತವಾಗಿ ಒಂದು ಗಂಟೆಯ ಮೇಲಾಗಿತ್ತು. ಊರಿನ ಆಸ್ಪತ್ರೆಯವರು ಚೀಟಿ ಬರೆದಿದ್ದರು: ಹನ್ನೆರಡರೊಳಗೆ ದೊಡ್ಡ ಆಸ್ಪತ್ರೆಯ ಮೇಜಿನ ಮೇಲಿದ್ದರೆ ಕೈ ಜೋಡಿಸಬಹುದು, ತಡವಾದರೆ ಇಲ್ಲ. ರಸ್ತೆಯಲ್ಲಿ ಒಂಬತ್ತು ಗಂಟೆ. ವಿಮಾನದಲ್ಲಿ ಒಂದೂವರೆ. ಹಿಂದಿನ ದಿನ ಬೇರೆ ರೋಗಿಯನ್ನು ತಂದುಬಿಟ್ಟು ಅಲ್ಲೇ ಉಳಿದಿದ್ದ ಆಂಬ್ಯುಲೆನ್ಸ್ ವಿಮಾನ ಎದುರಿಗೇ ನಿಂತಿತ್ತು. ಪೈಲಟ್ ಟೋಪಿ ಹಾಕಿಕೊಂಡು ಸಿದ್ಧ. ಬಿಸಿಲು ಬೆನ್ನಿಗೆ ಚುರುಕು ಮುಟ್ಟಿಸುತ್ತಿತ್ತು.

ಏಳೂವರೆಗೆ ಯಂತ್ರದ ವರದಿ ಬಂತು: ಮಂಜು, ಕಾಣುವ ದೂರ ಮುನ್ನೂರು ಮೀಟರ್.

ಪೈಲಟ್ ಕಾಗದ ನೋಡಿದ, ಆಕಾಶ ನೋಡಿದ, ಮತ್ತೆ ಕಾಗದ ನೋಡಿದ. ‘ಎಂಟುನೂರು ಇಲ್ದೆ ನಾನು ಎಬ್ಬಿಸೋ ಹಾಗಿಲ್ಲಮ್ಮ. ಲೈಸೆನ್ಸ್ ಹೋಗುತ್ತೆ. ಅದು ಹಾಳಾಗಲಿ, ಆಚೆ ತುದಿ ನನಗೆ ಇಲ್ಲಿಂದ ಕಾಣಲ್ಲ. ಅಲ್ಲಿ ಏನಿದೆಯೋ ಗೊತ್ತಿಲ್ದೆ ನಿಮ್ಮೆಲ್ಲರನ್ನೂ ಹೇಗೆ ಕೂರಿಸ್ಕೊಳ್ಳಲಿ?’

ಅವನ ಮಾತು ತಪ್ಪಲ್ಲ. ರನ್‌ವೇ ನಡುವೆ ನೆಲ ಸ್ವಲ್ಪ ಉಬ್ಬಿದೆ, ಅದರಾಚೆ ತಗ್ಗು, ತಗ್ಗಿನ ಪಕ್ಕ ಕೆರೆ. ಮಹಡಿ ಹತ್ತಿದರೂ ಆ ತಗ್ಗು ಕಾಣುವುದಿಲ್ಲ. ಇಲ್ಲಿ ಬಿಸಿಲಿದ್ದರೂ ಅಲ್ಲಿ ಮಂಜು ಮಲಗಿರುವ ಬೆಳಗ್ಗೆಗಳು ಎಷ್ಟೋ.

ಬಡಗಿಯ ಹೆಂಡತಿ ಮೋಡದಕ್ಕನ ಬಾಗಿಲಿಗೇ ಬಂದಳು. ‘ಅಕ್ಕಾ, ಮಂಜು ಮಂಜು ಅಂತಾರಲ್ಲ, ಎಲ್ಲಿದೆ? ತೋರಿಸಿ ನನಗೆ. ನಾನೇ ಹೋಗಿ ಊದಿ ಬರ್ತೀನಿ.’

ಬೇರೆ ಯಾರಾದರೂ ಆಗಿದ್ದರೆ ‘ಮಂಜೂ ಇಲ್ಲ ಮಣ್ಣೂ ಇಲ್ಲ, ದರಿದ್ರ ಯಂತ್ರ’ ಎಂದುಬಿಡುತ್ತಿದ್ದರು. ಮೋಡದಕ್ಕ ಗಾಜಿನ ಕೆಳಗಿನ ಹಳೆಯ ಪತ್ರ ನೋಡಿದಳು. ‘ಇದ್ರೂ ಇರಬಹುದಮ್ಮ. ನೋಡದೆ ಇಲ್ಲ ಅಂತ ನಾನು ಹೇಳಲ್ಲ. ಹತ್ತು ನಿಮಿಷ ಕೊಡು’ ಎಂದು ಸಾಹೇಬರ ಕೋಣೆಗೆ ಹೋದಳು.

‘ಸಾರ್, ಹೊರಗೆ ಬಿಸಿಲಿದೆ.’

‘ಗೊತ್ತು.’

‘ಯಂತ್ರ ಮುನ್ನೂರು ಮೀಟರ್ ಅಂತಿದೆ.’

‘ಅದೂ ಗೊತ್ತು.’

‘ಮತ್ತೆ?’

‘ಮತ್ತೇನ್ರೀ ಮೇಡಂ? ಹಸಿರು ದೀಪ ಉರೀತಿದೆ. ಕೆಡದೇ ಇರೋದನ್ನ ಕೆಟ್ಟಿದೆ ಅಂತ ನಾನು ಹೇಗೆ ಬರೀಲಿ? ನಾಳೆ ಏನಾದ್ರೂ ಆದ್ರೆ ಕಾಗದದ ಮೇಲೆ ಇರೋದು ನನ್ನ ಹೆಸರು.’

‘ಆಚೆ ತುದಿಗೆ ಹೋಗಿ ನೋಡಿ ಬರ್ತೀನಿ.’

‘ನೀವು ಕುರ್ಚಿ ಬಿಡೋ ಹಾಗಿಲ್ಲ. ಸುತ್ತೋಲೆ ಓದಿದೀರಿ ತಾನೆ?’

‘ಓದಿದೀನಿ ಸಾರ್. ಕುರ್ಚಿ ಅಲ್ಲೇ ಇರುತ್ತೆ.’

ಸಾಹೇಬರು ಕೆಟ್ಟವರಲ್ಲ. ಹೆದರಿದವರು. ನಮ್ಮ ಕಚೇರಿಗಳಲ್ಲಿ ಕೆಟ್ಟವರಿಗಿಂತ ಹೆದರಿದವರಿಂದ ಹೆಚ್ಚು ಜನ ಸಾಯುತ್ತಾರೆ. ಆದರೆ ಅದಕ್ಕೆ ಯಾವ ಠಾಣೆಯಲ್ಲೂ ದೂರು ತೆಗೆದುಕೊಳ್ಳುವುದಿಲ್ಲ.

ಡ್ರೈವರಣ್ಣ ಜೀಪು ತಂದ. ಪಕ್ಕದ ರೇಡಿಯೊ ಕೋಣೆಯವರಿಗೆ ಹೇಳಿ, ರನ್‌ವೇ ಬದಿಯ ದಾರಿ ಹಿಡಿದು ಇಬ್ಬರೂ ಹೊರಟರು. ದಾರಿಯಲ್ಲಿ ಆಕೆ ಯಂತ್ರ ರಿಪೇರಿಯ ಗುತ್ತಿಗೆ ಹಿಡಿದ ಕಂಪನಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದಳು. ಅವನಿರುವುದು ಇನ್ನೂರು ಕಿಲೋಮೀಟರ್ ದೂರ.

‘ಕೈ ಮಾತ್ರ ಹಾಕ್ಬೇಡಿ ಅಕ್ಕಾ, ಸೀಲ್ ಇದೆ. ನನ್ನ ಸ್ಕ್ರೀನಲ್ಲಿ ಎಲ್ಲಾ ಹಸಿರಾಗಿದೆ. ಮಂಜೇ ಇರ್ಬೇಕು ನೋಡಿ.’

‘ನೀನು ಇಲ್ಲಿದೀಯೇನಪ್ಪಾ?’

‘ಇಲ್ಲ.’

‘ಸರಿ ಹಾಗಾದ್ರೆ’ ಎಂದು ಫೋನ್ ಇಟ್ಟಳು.

ಉಬ್ಬು ದಾಟುವಾಗ ಆಕೆ ಕಣ್ಣು ಮುಚ್ಚಿಕೊಂಡಿದ್ದಳಂತೆ. ಇದನ್ನು ಹೇಳಿದವನು ಡ್ರೈವರಣ್ಣ. ‘ಹೆದರಿಕೆಯಾ ಅಕ್ಕಾ?’ ಎಂದದ್ದಕ್ಕೆ, ‘ಮಂಜು ಇರಬಾರದು ಅಂತ ಮನಸ್ಸು ಹೇಳ್ತಿದೆ ಕಣೋ. ಈ ಮನಸ್ಸಿಟ್ಕೊಂಡು ನೋಡಿದ್ರೆ ಇರೋ ಮಂಜೂ ಕಾಣಲ್ಲ. ನೀನು ಮೊದಲು ಹೇಳು’ ಎಂದಳಂತೆ.

ಅವನು ಜೀಪು ನಿಲ್ಲಿಸಿ ಇಳಿದ. ನಿಧಾನವಾಗಿ ಸುತ್ತ ನೋಡಿದ. ‘ಕೆರೆ ಕಾಣ್ತಿದೆ. ಕೆರೆ ಆಚೆ ದಡ ಕಾಣ್ತಿದೆ. ದಡದ ಮೇಲೆ ಎರಡು ಎಮ್ಮೆ. ಚಿಮಣಿ ಇದೆ. ಗುಡ್ಡ ಪೂರ್ತಿ ಇದೆ. ಅಕ್ಕಾ, ಮಂಜು ಒಂದು ಲೋಟದಷ್ಟೂ ಇಲ್ಲ.’

ಆಗ ಕಣ್ಣು ಬಿಟ್ಟಳು. ಅವನು ಹೇಳಿದ್ದನ್ನೆಲ್ಲ ಒಂದೊಂದಾಗಿ, ಹತ್ತಿರದ್ದರಿಂದ ದೂರಕ್ಕೆ, ತಾನೂ ನೋಡಿದಳು. ಎಮ್ಮೆಗಳನ್ನೂ ಬಿಡಲಿಲ್ಲ. ಆಮೇಲೆ ಕಂಬದ ಹತ್ತಿರ ಹೋದಳು.

ಎರಡು ಗಾಜಿನ ಕಣ್ಣುಗಳ ನಡುವೆ, ಆ ಮೊಳ ಗಾಳಿಯಲ್ಲಿ, ಒಂದು ಜೇಡ ಬಲೆ ಕಟ್ಟಿತ್ತು. ಆಕೆಯ ಗಂಡ ಮದುವೆಯ ರವಿಕೆಗಳಿಗೆ ಹಚ್ಚುವ ಲೇಸಿಗಿಂತ ಸಣ್ಣ ಕೆಲಸ. ಎಳೆ ಎಳೆಗೂ ಇಬ್ಬನಿ ಹನಿ. ಯಂತ್ರ ಬಿಟ್ಟ ಬೆಳಕು ಒಂದೊಂದು ಹನಿಗೂ ಬಡಿದು ಚದುರುತ್ತಿತ್ತು, ಆಚೆಯ ಕಣ್ಣು ಅದನ್ನೆಲ್ಲ ಹಿಡಿದು, ಪ್ರಾಮಾಣಿಕವಾಗಿ, ಮಂಜು ಮಂಜು ಎಂದು ಬರೆಯುತ್ತಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಅದಕ್ಕೂ ತನ್ನದೊಂದು ಟ್ಯಾಂಕ್ ಕಂಡಿತ್ತು, ಅಷ್ಟೇ.

‘ಒಂದು ಕಡ್ಡಿ ತಗೊಂಡು ಎಳೆದು ಹಾಕ್ಲಾ?’ ಎಂದ ಡ್ರೈವರಣ್ಣ.

‘ಬೇಡ. ತೆಗೆದ್ರೂ ಅದರ ಅಂಕಿ ಸರಿಹೋಗೋಕೆ ಹೊತ್ತು ಹಿಡಿಯುತ್ತೆ, ಅದು ಹತ್ತು ನಿಮಿಷದ ಸರಾಸರಿ ತೆಗೆಯುತ್ತೆ. ಮೇಲಾಗಿ ಬಲೆ ಹೋದ್ಮೇಲೆ ಇಲ್ಲಿ ಬಲೆ ಇತ್ತು ಅಂತ ಯಾರು ನಂಬ್ತಾರೆ? ನಾನೇ ಯಂತ್ರ ಕೆಡಿಸಿದೆ ಅಂತಾರೆ. ಸಾಹೇಬರು ನೋಡ್ಲಿ.’

ಜೀಪಿನ ರೇಡಿಯೊದಲ್ಲಿ ಕರೆದಳು. ‘ಸಾರ್, ತಕ್ಷಣ ಆಚೆ ತುದಿಗೆ ಬನ್ನಿ.’

‘ಏನಾಯ್ತು?’

‘ನಾನು ಹೇಳಲ್ಲ ಸಾರ್. ನೀವೇ ಬಂದು ನೋಡ್ಬೇಕು.’

ಅಷ್ಟರಲ್ಲಿ ಎಂಟು ಗಂಟೆಯ ವರದಿಯೂ ಬಂದಿತ್ತು: ಇನ್ನೂರೈವತ್ತು ಮೀಟರ್. ಸಾಹೇಬರು ಬಂದದ್ದು ಕರ್ತವ್ಯಕ್ಕಾಗಿಯೋ, ತಮ್ಮ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದ ಹೆಂಗಸಿನಿಂದ ತಪ್ಪಿಸಿಕೊಳ್ಳಲಿಕ್ಕೋ ನಾನು ಹೇಳಲಾರೆ. ಬಂದರು, ಅದು ಮುಖ್ಯ. ಅವರು ಕಾರಿನಿಂದ ಇಳಿಯುತ್ತಿದ್ದಂತೆ ಮೋಡದಕ್ಕ ಕಂಬಕ್ಕೆ ಅಡ್ಡವಾಗಿ ನಿಂತಳು.

‘ನೀವು ಮೊದಲು ಹೇಳಿ ಸಾರ್. ಏನೇನು ಕಾಣ್ತಿದೆ?’

‘ಇದೇನ್ರೀ, ಪರೀಕ್ಷೆನಾ?’

‘ಹೌದು ಸಾರ್.’

ಸಾಹೇಬರು ಕನ್ನಡಕ ಒರೆಸಿಕೊಂಡರು. ವಿಮಾನ ನಿಲ್ದಾಣದಲ್ಲಿ ಆರು ವರ್ಷ ಕೆಲಸ ಮಾಡಿದವರು, ಆಕಾಶದ ಕೆಳಗೆ ಹೀಗೆ ನಿಂತದ್ದು ಬಹುಶಃ ಅದೇ ಮೊದಲು. ‘ಕೆರೆ... ಚಿಮಣಿ. ಚಿಮಣಿ ಬಾಯಲ್ಲಿ ಹೊಗೆ ಏಳ್ತಿದೆ. ಗುಡ್ಡ. ಗುಡ್ಡದ ಮೇಲೆ ಆ ಬಿಳೀ ಕಲ್ಲು.’ ಹೇಳುತ್ತ ಹೇಳುತ್ತ ಅವರ ದನಿಯೇ ಬದಲಾಯಿತಂತೆ. ಆಗ ಮೋಡದಕ್ಕ ಪಕ್ಕಕ್ಕೆ ಸರಿದಳು.

ಅವರು ಬಗ್ಗಿ ನೋಡಿದರು. ‘ಇದು... ಜೇಡ.’

‘ಪಾಪ, ಸುತ್ತೋಲೆ ಓದಿಲ್ಲ ಅನ್ಸುತ್ತೆ ಸಾರ್’ ಎಂದ ಡ್ರೈವರಣ್ಣ. ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. ಅಲ್ಲೇ ಜೀಪಿನ ಬಾನೆಟ್ ಮೇಲೆ, ಮೋಡದಕ್ಕನ ಟಿಪ್ಪಣಿ ಪುಸ್ತಕದ ಹಾಳೆಯಲ್ಲಿ ಘೋಷಣೆ ಬರೆಯತೊಡಗಿದರು. ಪೆನ್ನು ನಿಂತಿತು.

‘ಕಾರಣ ಏನಂತ ಬರೀಲಿ?’

‘ಕಂಡಿದ್ದು ಬರೀರಿ ಸಾರ್.’

ಬರೆದರು. ಸಹಿ ಹಾಕಿದರು. ಹೆದರಿಕೊಂಡೇ ಬರೆದೆ ಎಂದು ಅವರೇ ಆಮೇಲೆ ಹೇಳಿಕೊಂಡರು, ಅದಕ್ಕೆ ಅವರ ಮೇಲೆ ನನಗೆ ಗೌರವ. ಎಂಟೂ ಮೂವತ್ತೊಂದಕ್ಕೆ ಮೋಡದಕ್ಕನ ಕಣ್ಣಿನ ವರದಿ ಹೊರಟಿತು: ಹತ್ತು ಕಿಲೋಮೀಟರ್, ಮೋಡ ಎಂಟರಲ್ಲಿ ಒಂದು. ಎಂಟೂ ನಲವತ್ತನಾಲ್ಕಕ್ಕೆ ವಿಮಾನ ಎದ್ದಿತು. ಹನ್ನೊಂದಕ್ಕೆ ಮುಂಚೆ ಬಡಗಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿದ್ದ.

ಮಧ್ಯಾಹ್ನ ಮನೆಗೆ ಬಂದು ಆಕೆ ಚಪ್ಪಲಿ ಬಿಡದೆ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಗಂಡ ‘ಏನಾಯ್ತೇ?’ ಎಂದ. ‘ವಿಮಾನ ಹೋಯ್ತು’ ಎಂದಳು. ಅವನಿಗೆ ಏನೂ ಅರ್ಥವಾಗಲಿಲ್ಲ. ನೀರು ತಂದುಕೊಟ್ಟ. ಎರಡು ಲೋಟ ಕುಡಿದು ಅಲ್ಲೇ ಗೋಡೆಗೊರಗಿ, ಬಟ್ಟೆಯ ಚೂರುಗಳ ನಡುವೆ ನಿದ್ದೆ ಹೋದಳು. ಸಂಜೆಯವರೆಗೆ ಅವನು ಯಂತ್ರ ತುಳಿಯಲಿಲ್ಲ, ಕೈಯಲ್ಲೇ ಗುಂಡಿ ಹೊಲಿದ.

ಇನ್ನು ಇಲಾಖೆಯ ಶೌರ್ಯ ಕೇಳಿ. ವಾರದೊಳಗೆ ಎರಡು ಪತ್ರ ಬಂದವು. ಒಂದು ಮೋಡದಕ್ಕನಿಗೆ: ಕುರ್ಚಿಯನ್ನು ಅಷ್ಟು ಹೊತ್ತು ಖಾಲಿ ಬಿಟ್ಟದ್ದೇಕೆ? ಇನ್ನೊಂದು ಸಾಹೇಬರಿಗೆ: ‘ಜೇಡರ ಬಲೆ’ ಎಂಬ ಕಾರಣ ನಿಗದಿತ ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿರುವ ಕಾರಣವನ್ನೇ ನಮೂದಿಸಿ ಮರುಸಲ್ಲಿಸಿ. ಎರಡನ್ನೂ ಸಾಹೇಬರೇ ನನಗೆ ತೋರಿಸಿದರು. ಐಸಿನ ಡಬ್ಬಿಯಲ್ಲಿ ಕೈ ಕಾಯುತ್ತಿರುವಾಗ ಪಟ್ಟಿ ಹುಡುಕುವ ಈ ಜನಕ್ಕೆ ಯಂತ್ರ ಬೇಕಾದದ್ದು ಗಾಳಿ ಅಳೆಯಲಿಕ್ಕಲ್ಲ, ಹಿಂದೆ ಬಚ್ಚಿಟ್ಟುಕೊಳ್ಳಲಿಕ್ಕೆ. ‘ಅದೇ ಹೇಳಿತು, ನಾವೇನು ಮಾಡೋಣ’ ಎನ್ನಲು ಒಂದು ಪೆಟ್ಟಿಗೆ ಬೇಕಿತ್ತು, ಸಿಕ್ಕಿತು. ಯಂತ್ರ ತಪ್ಪು ಮಾಡಬಹುದು, ಮೋಡದಕ್ಕನೂ ಮಾಡಿದ್ದಳು. ತಪ್ಪಾಗಿದೆ ಎಂದು ಎದ್ದುನಿಂತು ಹೇಳುವ ಬಾಯಿಗೆ ಸುತ್ತೋಲೆ ತುರುಕಿದ್ದೇ ಅಪರಾಧ.

ಈ ಸಲ ಸಾಹೇಬರು ಬಗ್ಗಲಿಲ್ಲ. ‘ನಾನು ಕಂಡದ್ದು ಜೇಡರ ಬಲೆಯೇ’ ಎಂದು ಎರಡು ಸಲ ಬರೆದರು, ಮೂರನೆಯ ಸಲ ಬಲೆಯ ಫೋಟೊ ಲಗತ್ತಿಸಿದರು. ವಿಮಾನ ಹೋದ ಮರುದಿನ ಮೆಕ್ಯಾನಿಕ್ ಬಂದಾಗ ಬಲೆ ಇನ್ನೂ ದೊಡ್ಡದಾಗಿತ್ತು, ಜೇಡ ನಡುವೆ ಯಜಮಾನನಂತೆ ಕೂತಿತ್ತು. ಅವನೇ ತೆಗೆದ ಫೋಟೊ ಅದು. ಕೊನೆಗೆ ಆ ನಿಲ್ದಾಣದ ಮಟ್ಟಿಗೆ ಆದೇಶ ಬದಲಾಯಿತು. ದಿನವೂ ಬೆಳಗ್ಗೆ ಒಬ್ಬರು ಹೋಗಿ ಕಂಬ ನೋಡಿ ಒರೆಸಬೇಕು. ನೋಡುವವರಿಗೆ ಅನುಮಾನ ಬಂದರೆ, ದೀಪ ಹಸಿರಾಗಿದ್ದರೂ, ಕಣ್ಣಿನ ವರದಿ ನಡೆಯುತ್ತದೆ. ಕಡತಗಳ ಕೋಣೆಗೆ ಬೇರೆ ಯಾರನ್ನೋ ಹಾಕಿದರು. ದೊಡ್ಡ ಗೆಲುವೇನಲ್ಲ. ಆದರೂ ಇಷ್ಟು ವರ್ಷ ಬರೀ ಸಿಟ್ಟಿನಿಂದ ಬರೆದ ನನ್ನ ಕೈಗೆ ಒಂದು ಸಲ ‘ಸದ್ಯ’ ಎಂದು ಬರೆಯಲು ಸಿಕ್ಕಿತಲ್ಲ.

ಮೂರು ತಿಂಗಳ ನಂತರ ಬಡಗಿ ಹೆಂಡತಿಯ ಜೊತೆ ಬಂದ. ಗೇಟಿನ ಪುಸ್ತಕದಲ್ಲಿ ಎಡಗೈಯಲ್ಲಿ ಸಹಿ ಹಾಕಿ, ಮೋಡದಕ್ಕನ ಕೋಣೆಗೆ ಬಂದು ಕೂತ. ಬಲಗೈ ಬ್ಯಾಂಡೇಜಿನೊಳಗೆ, ತುದಿಯಲ್ಲಿ ಬೆರಳುಗಳು ಮಾತ್ರ ಹೊರಗೆ, ಸ್ವಲ್ಪ ಊದಿಕೊಂಡಿದ್ದವು. ಅದನ್ನು ಹಸುಗೂಸಿನಂತೆ ಎತ್ತಿ ಮೇಜಿನ ಗಾಜಿನ ಮೇಲೆ, ಆ ಹಳೆಯ ಪತ್ರದ ಮೇಲೆಯೇ ಇಟ್ಟ.

‘ಅಕ್ಕಾ, ನೋಡಿ. ನಿನ್ನೆಯಿಂದ ಬೆರಳಿಗೆ ಜೀವ ಬರ್ತಿದೆ.’

ಅವನ ಹಣೆಯ ಮೇಲೆ ನೆರಿಗೆ ಬಿತ್ತು. ಹೆಂಡತಿ ಸೆರಗು ಕಚ್ಚಿಕೊಂಡಳು. ಮೋಡದಕ್ಕ ಮಾತ್ರ ತಟ್ಟನೆ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡತೊಡಗಿದಳು.

‘ಯಾಕಕ್ಕಾ, ನೋಡಲ್ವಾ?’ ಎಂದಳು ಬಡಗಿಯ ಹೆಂಡತಿ.

‘ತಡಿಯಮ್ಮ. ನನಗೆ ಆಸೆ ಜಾಸ್ತಿ ಆಗಿದೆ’ ಎಂದು ಆಕೆ ಬಾಗಿಲ ಕಡೆ ದನಿ ಏರಿಸಿದಳು. ‘ಸಾರ್, ಒಂಚೂರು ಬನ್ನಿ. ನೀವು ಮೊದಲು ಹೇಳಿ.’

ಸಾಹೇಬರು ಬಂದು, ಕನ್ನಡಕ ಒರೆಸಿಕೊಂಡು, ಮೇಜಿನ ಮೇಲೆ ಬಗ್ಗಿದರು.

‘ಹೆಬ್ಬೆರಳು ಅಲ್ಲಾಡ್ತು’ ಎಂದರು. ‘ತಡೀರಿ... ಅದರ ಪಕ್ಕದ್ದೂ.’

ಆಗ ಮೋಡದಕ್ಕ ತಿರುಗಿ ನೋಡಿದಳು.